ದಾರ ಕಟ್ಟಿದ ಬೋರ್ಡು

“ಮೊದ್ಲ ಆ ಬೆಲ್ಟ್ ಬಂದ್ ಮಾಡಸ್ರಿ. ಆಮ್ಯಾಲ ಮಾತು.”

ಅನುಸೂಯಾ ಹೆಗಲ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಮೋಟಾರ್ ರೂಮಿನ ಗೋಡೆಯಾಚೆ ಅದಿರಿನ ಬೆಲ್ಟು ಗಡಗಡ ಅಂತ ಓಡುತ್ತಲೇ ಇತ್ತು. ಯಾರ್ಡಿನ ಕೆಲಸಗಾರ ಪಾಲಪ್ಪನನ್ನು ಎಳೆದುಕೊಂಡು ಕೊಂದ ಅದೇ ಬೆಲ್ಟು, ಅದೇ ರೋಲರು. ಅಲ್ಲಿ ಪಾಪಿನಾಯಕನಹಳ್ಳಿಯಲ್ಲಿ ಅವನ ಹೆಂಡತಿ ಜಂಬಕ್ಕ ಮೂಲೆ ಬಿಟ್ಟು ಎದ್ದಿಲ್ಲ, ಇಲ್ಲಿ ಇವರಿಗೆ ಲಾರಿ ತುಂಬುವ ಅವಸರ.

ಯಾರ್ಡಿನ ಮೇಂಟೆನೆನ್ಸ್ ಇನ್‌ಚಾರ್ಜ್ ಹೊನ್ನೂರಸ್ವಾಮಿ ಹಲ್ಲು ಬಿಟ್ಟ. ಈಗ ಓಡುತ್ತಿರುವುದು ಹೊಸ ಬೋರ್ಡು, ಅದಕ್ಕೇನೂ ಆಗುವುದಿಲ್ಲ, ಮೇಡಂ ನೋಡಲು ಬಂದದ್ದು ಹಳೆಯದನ್ನು ತಾನೇ, ನೋಡಿಕೊಂಡು ಹೋಗಲಿ ಅಂದ. ಹೆಣ ಬಿದ್ದ ಜಾಗದಲ್ಲಿ ನಿಂತು ಹೀಗೆ ನಗಲು ಎಂಥ ಎದೆ ಬೇಕು. ಅನುಸೂಯಾಗೆ ಮೈಯೆಲ್ಲ ಉರಿದುಹೋಯಿತು.

ಇನ್‌ಸ್ಪೆಕ್ಟರ್ ಕನಕರಾಜ್ ಬಾಗಿಲಿನತ್ತ ಕೈ ಬೀಸಿದ. ಹೊರಗೆ ಯಾರೋ ಕೂಗಿದರು, ಬೆಲ್ಟು ಏದುಸಿರು ಬಿಡುತ್ತಾ ನಿಂತಿತು. ಆಗ ಮಾತ್ರ ಅವಳು ಕುರ್ಚಿ ಎಳೆದುಕೊಂಡಳು.

ಸಂಡೂರು ರಸ್ತೆಯ ಗುಡ್ಡದ ಕೆಳಗಿರುವ ಈ ಯಾರ್ಡಿನ ರಿಪೇರಿ ಕೆಲಸ, ಅನುಸೂಯಾಗೆ ಗೊತ್ತಿದ್ದ ಮಟ್ಟಿಗೆ, ಯಾವತ್ತೂ ಅವಳ ಅಂಗಡಿಗೆ ಬಂದದ್ದಿಲ್ಲ. ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಅವಳದು ಒಂದೇ ಶಟರಿನ ಅಂಗಡಿ. ಕಂಪ್ಲಿಯ ಅಕ್ಕಿ ಗಿರಣಿಯವರಿಂದ ಹಿಡಿದು ತೋರಣಗಲ್ಲಿನ ಕಾಂಟ್ರಾಕ್ಟರುಗಳ ತನಕ ಎಲ್ಲರೂ ಸುಟ್ಟುಹೋದ ಕಂಟ್ರೋಲ್ ಬೋರ್ಡುಗಳನ್ನು ತಂದು ಅವಳ ಮುಂದೆ ಸುರಿಯುತ್ತಾರೆ. ಪೊಲೀಸರಿಗೂ ಇಂಥದ್ದೇನಾದರೂ ಬಿಡಿಸಿ ಹೇಳುವವರು ಬೇಕಾದಾಗ ಅವಳೇ. ಈ ಸಲ ಮಾತ್ರ ಪೊಲೀಸರು ಕರೆಯುವ ಮೊದಲೇ ಅವಳು ಕೇಸಿಗೆ ಬಿದ್ದಿದ್ದಳು. ಠಾಣೆಯಲ್ಲಿ ಕೂತಿರುವ ಯಾರ್ಡಿನ ಟೆಕ್ನಿಷಿಯನ್ ಪಂಪೇಶನ ಹೆಂಡತಿ ರಮಾ ಅವಳ ಅಂಗಡಿಯಲ್ಲೇ ಕೆಲಸ ಮಾಡುವವಳು. ಅಕ್ಕಾ, ನಮ್ಮನೆಯವ್ರನ್ನ ಉಳಿಸಿಕೊಡ್ರಿ ಅಂತ ಅವಳು ಅತ್ತಿದ್ದಳು. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ. ಅಷ್ಟರೊಳಗೆ ಏನಾದರೂ ಸಿಗಬೇಕು, ಇಲ್ಲವಾದರೆ ಅವನು ಕೊಲೆಗಾರ.

ಕನಕರಾಜ್ ಸೀಲು ಒಡೆದು ಬೋರ್ಡಿದ್ದ ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಸಾವಾದ ದಿನವೇ ಪಂಚರ ಮುಂದೆ ಬಿಚ್ಚಿ ತಂದದ್ದು, ಡಬ್ಬಿಯ ಮುಚ್ಚಳದ ಸ್ಕ್ರೂ ಇನ್ನೂ ಯಾರೂ ಮುಟ್ಟಿಲ್ಲ.

“ಇದನ್ನ ಹಾಕಿದವ್ರು ಯಾರು, ಇನ್ನೊಮ್ಮೆ ಹೇಳ್ರಿ,” ಅಂದಳು ಅನುಸೂಯಾ.

“ಪಂಪೇಶ,” ಅಂದ ಹೊನ್ನೂರಸ್ವಾಮಿ. “ಹಾಕಿ ರಜಾ ಮ್ಯಾಲ ಹ್ವಾದ. ನಾ ಅದನ್ನ ಕೈಲೇನೂ ಮುಟ್ಟಿಲ್ಲ. ಬರಕೊಟ್ಟೀನಿ.”

ಅಷ್ಟಕ್ಕೇ ಸುಮ್ಮನಾಗಿದ್ದರೆ ಅವನು ಬಚಾವಾಗುತ್ತಿದ್ದನೇನೋ. ಆದರೆ ಬಾಯಿ ಬಿಡಬೇಕಲ್ಲ. ಪಂಪೇಶನ ಬಗ್ಗೆ ಒಂದೊಂದೇ ಕಕ್ಕತೊಡಗಿದ. ಹಗ್ಗದ ವಯರು ಕಿತ್ತದ್ದಕ್ಕೆ ಅವನು ಮ್ಯಾನೇಜರ್ ಜತೆ ಜಗಳ ಆಡಿದ್ದ, ಒಂದು ದಿನ ಇಲ್ಲಿ ಹೆಣ ಬೀಳುತ್ತೆ ಆಗ ಗೊತ್ತಾಗುತ್ತೆ ಅಂತ ಎಲ್ಲರೆದುರು ಅಂದಿದ್ದ, ತನ್ನ ಮಾತು ನಿಜ ಮಾಡಲು ಹೀಗೆ ಮಾಡಿದ್ದಾನೆ. ಇಷ್ಟೂ ಪೊಲೀಸರ ಕಾಗದದಲ್ಲಿ ಆಗಲೇ ಇತ್ತು.

“ಅಂವ ಯಾವತ್ತೂ ಪ್ಯಾನಲ್ಲಿಗೆ ಕೈ ಮುಗದವ ಅಲ್ಲರಿ ಮೇಡಂ,” ಅಂತ ಕೊನೆಗೆ ಸೇರಿಸಿದ. “ಆಯುಧ ಪೂಜಿ ದಿನಾನೂ ಕುಂಕುಮ ಮುಟ್ಟಂಗಿಲ್ಲ. ಮನ್ಯಾಗ ಬುದ್ಧನ ಫೋಟೋ ಇಟ್ಟಾರಂತ. ಪೂಜಿ ಇಲ್ಲದ ಕೈಲೆ ಮಷೀನ್ ಮುಟ್ಟಿದ್ರ ಇನ್ನೇನಾಗತೈತಿ.”

ಅನುಸೂಯಾ ಹಲ್ಲು ಕಚ್ಚಿಕೊಂಡಳು. ಸತ್ತವನಿಗೆ ಕೈ ಕೊಟ್ಟದ್ದು ಇವರು ಕಿತ್ತು ಹಾಕಿದ ವಯರು, ಬೈಸಿಕೊಳ್ಳುವವನು ಕುಂಕುಮ ಹಚ್ಚದವನು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು.

ಆ ವಯರಿನ ಕಥೆ ಇಷ್ಟೇ. ಬೆಲ್ಟಿನುದ್ದಕ್ಕೂ ಒಂದು ಹಗ್ಗ ಇರುತ್ತದೆ. ಯಾರ ಕೈಯೋ ಬಟ್ಟೆಯೋ ಸಿಕ್ಕಿಕೊಂಡರೆ ಹಗ್ಗ ಜಗ್ಗಬೇಕು, ಮೋಟಾರು ನಿಲ್ಲಬೇಕು. ಹಗ್ಗದಿಂದ ಮೋಟಾರಿಗೆ ನೇರ ಒಂದು ವಯರು, ಅದಲ್ಲದೆ ನೆಟ್‌ವರ್ಕ್ ಕೇಬಲ್ಲಿನಲ್ಲಿ ಒಂದು ಸುದ್ದಿ, ಹೀಗೆ ಎರಡು ದಾರಿ. ಮಳೆಗಾಲದಲ್ಲಿ ವಯರು ನೆಂದು ಬೆಲ್ಟು ಸುಮ್ಮಸುಮ್ಮನೆ ನಿಲ್ಲುತ್ತೆ ಅಂತ ಇವರು ಆ ನೇರ ದಾರಿಯನ್ನೇ ಕಿತ್ತು ಬಿಸಾಕಿದ್ದರು. ಉಳಿದದ್ದು ನೆಟ್‌ವರ್ಕು ಒಂದೇ. ಪಾಲಪ್ಪ ಹಗ್ಗ ಜಗ್ಗಿದ್ದನ್ನು ನಾಲ್ಕು ಜನ ಕಣ್ಣಾರೆ ಕಂಡಿದ್ದಾರೆ. ಜಗ್ಗಿದ, ಕೂಗಿದ, ಮತ್ತೆ ಜಗ್ಗಿದ. ಬೆಲ್ಟು ನಿಲ್ಲಲಿಲ್ಲ.

ಮುಚ್ಚಳ ತೆಗೆಯುವ ಮೊದಲು ಅವಳು ಪಕ್ಕದ ಸಂದಿಯಿಂದ ಕ್ಲಿಪ್ಪು ತೂರಿಸಿ ಮೆಮೊರಿ ಚಿಪ್ಪಿನ ಕಾಲುಗಳಿಗೆ ಕಚ್ಚಿಸಿದಳು, ಲ್ಯಾಪ್‌ಟಾಪಿಗೆ ಜೋಡಿಸಿದಳು. ಪರದೆಯ ಮೇಲೆ ಅಂಕಿಗಳು ಸಾಲುಗಟ್ಟಿದವು. ಒಂದು ಸಾಲಿನ ಹತ್ತಿರ ಅವಳ ಬೆರಳು ನಿಂತಿತು.

“ಏನ್ ಮೇಡಂ?” ಕನಕರಾಜ್ ಬಗ್ಗಿದ.

ನೆಟ್‌ವರ್ಕಿನ ಮಾತು ನೋಡಿಕೊಳ್ಳುವ ಲ್ಯಾನ್ ಕಂಟ್ರೋಲರ್ ಚಿಪ್ಪಿಗೆ ಸ್ವಂತ ಬುದ್ಧಿ ಇಲ್ಲ ಅಂತ ಅವಳು ಶುರು ಮಾಡಿದಳು. ಕರೆಂಟು ಬಂದ ಕೂಡಲೇ ಅದು ಪಕ್ಕದ ಮೆಮೊರಿಯಲ್ಲಿ ಬರೆದಿಟ್ಟದ್ದನ್ನು ತನ್ನ ಸೆಟಪ್ ರಿಜಿಸ್ಟರುಗಳಿಗೆ ತುಂಬಿಕೊಳ್ಳುತ್ತದೆ. ರಿಜಿಸ್ಟರ್ ಅಂದರೆ ಪುಟ್ಟ ಪುಟ್ಟ ಖಾನೆಗಳು, ಪ್ರತಿ ಖಾನೆಯಲ್ಲಿ ಸೊನ್ನೆ ಇಲ್ಲವೇ ಒಂದು. ಎಷ್ಟು ವೇಗದಲ್ಲಿ ಮಾತಾಡಬೇಕು, ಯಾರ ಮಾತು ಕೇಳಬೇಕು, ಯಾರದು ಬಿಡಬೇಕು ಎಲ್ಲ ಅಲ್ಲೇ ತೀರ್ಮಾನ. ಅದರಲ್ಲಿ ಒಂದು ಖಾನೆ ಲೂಪ್‌ಬ್ಯಾಕಿನದು. ಅಲ್ಲಿ ಒಂದು ಬರೆದರೆ ಚಿಪ್ಪು ಕಳಿಸಿದ ಮಾತು ಕೇಬಲ್ಲಿಗೆ ಹೋಗುವುದೇ ಇಲ್ಲ, ಒಳಗೊಳಗೇ ತಿರುಗಿ ಅದರ ಕಿವಿಗೇ ಬಂದು ಬೀಳುತ್ತದೆ. ಹೊರಗಿನವರು ಎಷ್ಟು ಕೂಗಿದರೂ ಅದಕ್ಕೆ ಕೇಳುವುದಿಲ್ಲ.

“ಈ ಮೋಟಾರ್ ರೂಮಿನ ಬೋರ್ಡು ಹಗ್ಗದ ಡಬ್ಬಿಗೆ ಒಂದ ಸಮ ಕೇಳತಿರತೈತಿ, ಅದೀಯೇನು ಅಂತ. ಕಳಿಸಿದ ಮಾತು ತಿರುಗಿ ಬಂದ್ರ ಎಲ್ಲಾ ಚಲೋ ಐತಿ ಅಂತ ಲೆಕ್ಕ. ಬರದಿದ್ರ ಬೆಲ್ಟ್ ನಿಲ್ಲಸ್ತೈತಿ. ಇಲ್ಲಿ ಆ ಖಾನ್ಯಾಗ ಒಂದು ಐತಿ, ಮಾತು ಹೊರಗ ಹೋಗಿಲ್ಲ ಸರ. ತನ್ನ ದನಿ ತಾನ ಕೇಳಿಕೊಂಡು ಎಲ್ಲಾ ಚಲೋ ಐತಿ ಅಂತ ಕುಂತಿತ್ತು. ಪಾಲಪ್ಪ ಹಗ್ಗ ಜಗ್ಗಿದ್ದು ಇದಕ್ಕ ಮುಟ್ಟೇ ಇಲ್ಲ.”

ಆ ದಿನ ಪ್ಯಾನಲ್ಲಿನ ಹಸಿರು ದೀಪ ಉರಿಯುತ್ತಿತ್ತಲ್ಲ ಅಂತ ಕನಕರಾಜ್ ಕೇಳಿದ. ಉರಿಯುತ್ತದೆ, ಕೇಬಲ್ಲು ಸಿಕ್ಕಿಸಿದ್ದರೆ ಸಾಕು ಉರಿಯುತ್ತದೆ ಅಂದಳು. ಲೂಪ್‌ಬ್ಯಾಕು ರಿಪೇರಿ ಮೇಜಿನ ಮೇಲೆ ಮಾತ್ರ ಇರಬೇಕಾದ ಸ್ಥಿತಿ. ಕೇಬಲ್ಲಿಲ್ಲದೆ ಚಿಪ್ಪು ಸರಿ ಇದೆಯೋ ಇಲ್ಲವೋ ನೋಡುವುದಕ್ಕೆ ಹಾಗೆ ಬರೆಯುತ್ತಾರೆ. ನೋಡಿಯಾದ ಮೇಲೆ ಅಳಿಸಿ ಸೊನ್ನೆ ಮಾಡಬೇಕು. ಮಾಡದೆ ಬಿಟ್ಟರೆ ಅದು ಬೋರ್ಡಲ್ಲ, ಯಮ.

“ನಾ ಹೇಳಲಿಲ್ಲೇನ್ರಿ,” ಹೊನ್ನೂರಸ್ವಾಮಿ ತೊಡೆ ತಟ್ಟಿದ. “ಈ ರಿಜಿಸ್ಟರ್ ಗಿಜಿಸ್ಟರ್ ನಮಗೇನ್ ಗೊತ್ತು. ಇಡೀ ಯಾರ್ಡಿನಾಗ ಗೊತ್ತಿರೋದು ಪಂಪೇಶಗ ಒಬ್ಬಗ.”

ಕನಕರಾಜನ ಮುಖ ಗಂಟಾಯಿತು. ಅವನ ದೃಷ್ಟಿಯಲ್ಲಿ ಕೇಸು ಈಗ ಇನ್ನೂ ಗಟ್ಟಿ. ಪಂಪೇಶನನ್ನು ಬಿಡಿಸಲು ಬಂದವಳೇ ಅವನಿಗೆ ಬೇಡಿ ಬಿಗಿದಳಲ್ಲ ಅಂತ ಅನುಸೂಯಾಗೆ ತನ್ನ ಮೇಲೆಯೇ ಸಿಟ್ಟು ಬಂತು. ಒಂದೊಂದೇ ಸ್ಕ್ರೂ ತಿರುಗಿಸಿ ಡಬ್ಬಿಯ ಮುಚ್ಚಳ ಎತ್ತಿದಳು.

ಒಳಗೆ, ಮೆಮೊರಿ ಚಿಪ್ಪಿನ ಬೆನ್ನ ಮೇಲೆ ಕೆಂಪಗೆ ಒಂದು ಬೊಟ್ಟು. ಅದರ ಸುತ್ತ ಹಳದಿ ಅಂಚು.

ಅವಳು ಡಬ್ಬಿಯನ್ನು ಕನಕರಾಜನ ಕಡೆ ತಿರುಗಿಸಿದಳು. ಅವನು ಮೊಬೈಲಿನ ದೀಪ ಹಚ್ಚಿದ. ಅದಿರಿನ ಧೂಳಲ್ಲ. ಧೂಳು ಹೀಗೆ ದುಂಡಗೆ ಕೂರುವುದಿಲ್ಲ, ಕೆಳಗೆ ಅರಿಶಿಣ ಹಚ್ಚಿಕೊಂಡು ಬರುವುದೂ ಇಲ್ಲ.

“ಇದೇನ್ರಿ ಹೊನ್ನೂರಸ್ವಾಮಿ?”

“ಕುಂಕುಮ,” ಅಂದುಬಿಟ್ಟ ಅವನು. “ಸಾಮಾನು ಹಾಕೋಮುಂದ ಹಚ್ಚತೀವಿ...”

ಈಗಷ್ಟೇ ಆಡಿದ್ದು ಅವನಿಗೇ ನೆನಪಾಗಿತ್ತು.

“ಹಚ್ಚತೀವಿ,” ಅಂದಳು ಅನುಸೂಯಾ. “ಯಾರು ಹಚ್ಚತೀರಿ? ಆಯುಧ ಪೂಜಿ ದಿನಾನೂ ಮುಟ್ಟದವ ಮುಚ್ಚಳ ಬಿಚ್ಚಿ, ಕೆಳಗ ಅರಿಶಿಣ, ಮ್ಯಾಲ ಕುಂಕುಮ ಇಟ್ಟು, ಮತ್ತ ಸ್ಕ್ರೂ ಬಿಗದು ರಜಾ ಮ್ಯಾಲ ಹೋದನೇನು? ನಾಚಿಕಿ ಆಗಬೇಕ್ರಿ ನಿಮಗ. ಅಂವ ಕೈ ಮುಗಿಯಂಗಿಲ್ಲ ಅಂತ ನೀವ ಹೇಳಿದ್ರಿ. ಆ ನಾಲಿಗೀಲೇ ಅವನ ಮ್ಯಾಲ ಕೊಲಿ ಹೊರಿಸಿದ್ರಿ.”

ಕನಕರಾಜ್ ಎದ್ದು ಹೋಗಿ ಬಾಗಿಲು ಹಾಕಿದ. ಅಷ್ಟಕ್ಕೇ ಹೊನ್ನೂರಸ್ವಾಮಿ ಬೆವೆತುಹೋದ. ಮೊದಲು ತನಗೇನೂ ಗೊತ್ತಿಲ್ಲ ಅಂದ, ಆಮೇಲೆ ಬೇರೆ ಯಾರೋ ಹಚ್ಚಿರಬೇಕು ಅಂದ, ಕನಕರಾಜ್ ಕುರ್ಚಿಯನ್ನು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದು ಕೂತ ಮೇಲೆ ದಾರಿಗೆ ಬಂದ. ಹೌದು, ಹಾಕಿದ್ದು ತಾನೇ. ಪಂಪೇಶ ರಜೆಯಲ್ಲಿದ್ದ, ಈ ಬೋರ್ಡು ಕೆಟ್ಟು ಬೆಲ್ಟು ನಿಂತಿತ್ತು, ಮ್ಯಾನೇಜರ್ ಉಚ್ಚೆಂಗಪ್ಪ ಫೋನಿನ ಮೇಲೆ ಫೋನು ಮಾಡಿ ಬೈಯುತ್ತಿದ್ದ. ರಿಪೇರಿಯಾದ ಬೋರ್ಡು ಹಾಕಿದ ಮೇಲೆ ಒಂದು ಸಲ ಹಗ್ಗ ಜಗ್ಗಿ ಬೆಲ್ಟು ನಿಲ್ಲುತ್ತದೋ ನೋಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಬೆಲ್ಟು ಶುರುವಾದ ಕೂಡಲೇ ಅದರ ತುಂಬ ಅದಿರು ಸುರಿದಿದ್ದರು. ತುಂಬಿದ ಬೆಲ್ಟು ನಿಲ್ಲಿಸಿದರೆ ಮತ್ತೆ ಎಬ್ಬಿಸಲು ಅರ್ಧ ದಿನ ಸಲಿಕೆ ಹಿಡಿಯಬೇಕು. ಜಗ್ಗಲಿಲ್ಲ.

“ಒಂದ ಸಲ ಜಗ್ಗಿದ್ರ ಆ ಮನಷಾ ಇವತ್ತು ಮನಿಯಾಗ ರೊಟ್ಟಿ ತಿಂತಿದ್ದ,” ಅಂದಳು ಅನುಸೂಯಾ. ಹೊಡೆದುಬಿಡಬೇಕು ಅನ್ನಿಸಿ ಕೈಗಳನ್ನು ಮೇಜಿನ ಕೆಳಗೆ ಹಿಡಿದುಕೊಂಡಳು.

“ಹಾಕಿದ್ದು ನಾನ ಮೇಡಂ, ಒಪ್ಪಿಕೊಂಡೆ. ಆದ್ರ ಸೆಟಿಂಗ್ ನಾ ಮುಟ್ಟಿಲ್ಲ. ಅದು ಹೊಸಪೇಟಿಂದ ರಿಪೇರಿ ಆಗಿ ಬಂದಿತ್ತು. ನಾ ಯಾಕ ಅನುಮಾನ ಪಡ್ಲಿ ಹೇಳ್ರಿ? ದೇವರ ಮುಂದ ಇಟ್ಟು ದಾರ ಕಟ್ಟಿ ಕಳಿಸಿದ್ರು. ಚೆಲ್ಲಬಾರದು ಅಂತ ನಾ ಕೈಗೆ ಕಟಿಗೊಂಡೀನಿ.”

ಅವನು ಬಲಗೈ ಚಾಚಿದ. ಮಣಿಕಟ್ಟಿಗೆ ಕೆಂಪು ನೂಲಿನ ದಾರ, ಎರಡು ಸುತ್ತು. ಗುಡಿಗಳಲ್ಲಿ ಕಟ್ಟಿಸಿಕೊಳ್ಳುವಂಥದ್ದೇ. ಆದರೆ ದಾರದ ತುದಿಯಲ್ಲಿ, ನೂಲು ಬಿಚ್ಚದ ಹಾಗೆ, ಜೋಳದ ಕಾಳಿಗಿಂತ ಚಿಕ್ಕದೊಂದು ಬೆಸುಗೆಯ ಹನಿ ಕೂತಿತ್ತು.

ಯಾವ ಪೂಜಾರಿಯೂ ದಾರದ ತುದಿಗೆ ಬೆಸುಗೆ ಹಾಕುವುದಿಲ್ಲ.

ಈ ಸೀಮೆಯಲ್ಲಿ ಹಾಗೆ ಮಾಡುವ ಜಾಗ ಒಂದೇ, ಅನುಸೂಯಾಳ ಅಂಗಡಿ. ಲೂಪ್‌ಬ್ಯಾಕಿನಲ್ಲಿಟ್ಟು ಪರೀಕ್ಷೆ ಮಾಡುತ್ತಿರುವ ಬೋರ್ಡಿಗೆ ಅವಳು ಕೆಂಪು ದಾರ ಕಟ್ಟುತ್ತಾಳೆ. ದಾರ ಇದೆ ಅಂದರೆ ಕೆಲಸ ಮುಗಿದಿಲ್ಲ, ಕೊಡಬೇಡ ಅಂತ. ಖಾನೆಯನ್ನು ಸೊನ್ನೆ ಮಾಡಿ, ಓದಿ ನೋಡಿ, ಆಮೇಲೆ ಕತ್ತರಿ. ವರ್ಷಗಟ್ಟಲೆ ಒಂದು ಬೋರ್ಡೂ ತಪ್ಪಿ ಹೋಗಿರಲಿಲ್ಲ. ಅವಳು ಅಪಾಯ ಅಂತ ಕಟ್ಟುವ ದಾರವನ್ನು ಈ ಮನುಷ್ಯ ರಕ್ಷೆ ಅಂತ ಬಿಚ್ಚಿ ಕೈಗೆ ಕಟ್ಟಿಕೊಂಡಿದ್ದ.

ಎದೆಯಲ್ಲಿದ್ದ ಬೆಂಕಿಗೆ ಯಾರೋ ನೀರು ಸುರಿದ ಹಾಗಾಯಿತು. ಇಷ್ಟು ಹೊತ್ತು ಬೈದದ್ದೆಲ್ಲ ತಿರುಗಿ ಬಂದು ಅವಳ ಕಿವಿಯಲ್ಲೇ ಕೂತಿತ್ತು.

“ತಂದವ್ರು ಯಾರು?” ಅಂತ ಕೇಳಿದಳು.

“ಪಾಲಪ್ಪನ ತಂದ್ನಲ್ರಿ. ಬೈಕ್ ಮ್ಯಾಲ ಹೋಗಿ, ಚೀಲದಾಗ ಹಾಕ್ಕೊಂಡು. ಯಾವ ಅಂಗಡಿ ಅಂತ ನಾ ಕೇಳಲಿಲ್ಲ.”

ತನ್ನ ಸಾವನ್ನು ತಾನೇ ಹೆಗಲಿಗೆ ಹಾಕಿಕೊಂಡು ಬಂದಿದ್ದನಲ್ಲ ಪುಣ್ಯಾತ್ಮ.

ಕನಕರಾಜ್ ಆ ದಾರವನ್ನು ಕತ್ತರಿಸಿ ಕವರಿನಲ್ಲಿ ಹಾಕಿಕೊಂಡ. ಹೊನ್ನೂರಸ್ವಾಮಿ ಬಾಯಿ ಬಿಟ್ಟ ಮೇಲೆ ಪಂಪೇಶನನ್ನು ಇಟ್ಟುಕೊಳ್ಳಲು ತನಗೆ ಮುಖವಿಲ್ಲ, ಠಾಣೆಗೆ ಹೋಗಿ ಮೇಲಿನವರನ್ನು ಕೇಳಿ ಸಂಜೆಯೊಳಗೆ ಬಿಟ್ಟುಬಿಡುತ್ತೇನೆ ಅಂದ. ಅನುಸೂಯಾ ತಲೆ ಆಡಿಸಿದಳು. ದಾರ ಯಾರದು ಅಂತ ಹೇಳಲಿಲ್ಲ. ಮೊದಲು ಒಬ್ಬಳ ಮುಖ ನೋಡಬೇಕಿತ್ತು.

ಸಂಡೂರಿನಿಂದ ಹೊಸಪೇಟೆಗೆ ಸ್ಕೂಟರಿನಲ್ಲಿ ಬರುವ ದಾರಿಯುದ್ದಕ್ಕೂ ಅದಿರು ಲಾರಿಗಳು ಅವಳಿಗೆ ಕೆಂಪು ಧೂಳು ಬಳಿದವು. ಆ ಬೋರ್ಡು ರಿಪೇರಿಗೆ ಬಂದಿರಬೇಕಾದ ವಾರ ಅವಳು ತೋರಣಗಲ್ಲಿನಲ್ಲಿದ್ದಳು, ಒಬ್ಬ ಕಾಂಟ್ರಾಕ್ಟರನ ಪ್ಯಾನಲ್ಲು ಬಿಚ್ಚಿಕೊಂಡು. ಅಂಗಡಿಯ ಕೀಲಿ ಕೊಟ್ಟು ಹೋದದ್ದು ರಮಾಳ ಕೈಗೆ.

ರಮಾ ಮೇಜಿನ ಮುಂದೆ ಕೂತು ಯಾವುದೋ ಗಿರಣಿಯ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದಳು. ಪಕ್ಕದ ಮೊಳೆಗೆ ಕೆಂಪು ದಾರದ ಉಂಡೆ ತೂಗುಬಿದ್ದಿತ್ತು. ಅನುಸೂಯಾ ಹೆಲ್ಮೆಟ್ಟೂ ತೆಗೆಯದೆ ಅದರಿಂದ ಒಂದು ತುಂಡು ಹರಿದು ಅವಳ ಮುಂದೆ ಇಟ್ಟಳು.

“ಪಾಲಪ್ಪ ಬಂದಿದ್ನೇನು ಇಲ್ಲಿಗೆ?”

ರಮಾ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟಳು. ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಅದನ್ನು ನೋಡಿ ಅನುಸೂಯಾಳ ಸಿಟ್ಟು ನೆತ್ತಿಗೇರಿತು.

“ಗೊತ್ತಿತ್ತು. ಎಲ್ಲಾ ಗೊತ್ತಿತ್ತು ನಿನಗ. ನನ್ನ ಕೈಲೆ ಊರೆಲ್ಲಾ ಬೈಸಿದಿ. ದಾರ ಇರೋ ಬೋರ್ಡು ಈ ಕಟ್ಟಿ ಇಳದು ಹೋಗಬಾರದು ಅಂತ ಎಷ್ಟು ಸಲ ಹೇಳಿಲ್ಲ ನಾನು? ಮರತಿದ್ದಿ ಅಂತ ಮಾತ್ರ ಹೇಳಬ್ಯಾಡ. ನೀ ಮರಿಯಾಕಿ ಅಲ್ಲ.”

“ಮರತೆ ಅಂತನ ಹೇಳಬೇಕು ಅನ್ಕೊಂಡಿದ್ದೆ ಅಕ್ಕಾ,” ಅಂದಳು ರಮಾ. ದನಿ ಸಣ್ಣಗಿತ್ತು, ಆದರೆ ಅಳು ಇರಲಿಲ್ಲ. “ನೀವು ಹುಡುಕಿದ್ರ ನನ್ನ ತಪ್ಪು ಸಿಗತೈತಿ, ಅವ್ರು ಬಿಡುಗಡೆ ಆಗತಾರ, ನಂದೊಬ್ಬಾಕಿದ ಅಂತ ಮುಗದು ಹೋಗಲಿ ಅಂತ.”

ಪಾಲಪ್ಪ ಬೆಳಿಗ್ಗೆ ಬೋರ್ಡು ಕೊಟ್ಟು ಮಧ್ಯಾಹ್ನವೇ ವಾಪಸು ಬಂದು ನಿಂತನಂತೆ. ಅವನಿಗೆ ಯಾರ್ಡಿನಿಂದ ಒಂದೇ ಸಮ ಬೈಗುಳ, ಜಲ್ದಿ ಕೊಡ್ರಿ ತಾಯಿ ಅಂದನಂತೆ. ಇನ್ನೂ ಲೂಪ್‌ಬ್ಯಾಕಿನಲ್ಲಿದೆ, ಸರಿಮಾಡಿ ಬರೆದು ಕೊಡುತ್ತೇನೆ, ಒಂದು ಚಹಾ ಕುಡಿದು ಬರುವಷ್ಟು ಹೊತ್ತು ಅಂತ ರಮಾ ಹೇಳಿದಳಂತೆ. ಅವನಿಗೆ ಅದೆಲ್ಲ ತಿಳಿಯಲಿಲ್ಲ. ತನ್ನನ್ನು ಈ ಅಂಗಡಿಗೆ ಕಳಿಸಿದವರಿಗೇ ಫೋನು ಹಚ್ಚಿ, ನೀವೇ ಮಾತಾಡ್ರಿ ಅಂತ ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟ.

“ನಾ ಫೋನಿನಾಗೂ ಹೇಳಿದೆ. ಇದು ಇನ್ನಾ ಲೂಪ್‌ಬ್ಯಾಕಿನಾಗ ಐತಿ, ಹಿಂಗ ಹಾಕಿದ್ರ ಹಗ್ಗ ಜಗ್ಗಿದ್ದು ಕೇಳಂಗಿಲ್ಲ ಅಂತ.” ರಮಾ ದಾರದ ತುಂಡನ್ನು ಬೆರಳಿಗೆ ಸುತ್ತಿಕೊಂಡಳು. “ಆ ಕಡಿಂದ ಅಂದ್ರು. ಗೊತ್ತೈತಿ, ನನಗ ಅದು ಹಂಗ ಬೇಕು. ಕೊಟ್ಟು ಕಳಸು.”

“ಯಾರದು ಆ ದನಿ? ಉಚ್ಚೆಂಗಪ್ಪಂದಾ?”

ರಮಾ ಇಲ್ಲ ಅಂತ ತಲೆ ಆಡಿಸಿದಳು.

“ನಮ್ಮನೆಯವ್ರದು.”

ಅನುಸೂಯಾ ಸ್ಟೂಲು ಎಳೆದುಕೊಂಡು ಕೂತಳು. ಒಂದು ದಿನ ಇಲ್ಲಿ ಹೆಣ ಬೀಳುತ್ತೆ, ಆಗ ಗೊತ್ತಾಗುತ್ತೆ. ಆ ಮಾತನ್ನು ಸಿಟ್ಟಿನ ಮಾತು, ನ್ಯಾಯದ ಮಾತು ಅಂತ ಅವಳೇ ಪೊಲೀಸರ ಮುಂದೆ ಸಮರ್ಥಿಸಿ ಬಂದಿದ್ದಳು. ರಜೆಯ ಮೇಲಿದ್ದೆ, ಬೋರ್ಡಿನ ಸುದ್ದಿಯೇ ಗೊತ್ತಿಲ್ಲ ಅಂತ ಪಂಪೇಶ ಠಾಣೆಯಲ್ಲಿ ಬುದ್ಧನ ಮೇಲೆ ಆಣೆ ಇಟ್ಟಿದ್ದ. ಅವಳು ನಂಬಿದ್ದಳು. ನಂಬಿ ಹೊನ್ನೂರಸ್ವಾಮಿಯ ಬೆವರಿಳಿಸಿ ಬಂದಿದ್ದಳು. ಈಗ ಯಾರ ಕಪಾಳಕ್ಕೆ ಬಾರಿಸಬೇಕು ಅನ್ನುವುದೇ ಅವಳಿಗೆ ತಿಳಿಯಲಿಲ್ಲ.

ಕೌಂಟರಿನ ಮೇಲೆ ಫೋನು ಬಡಿದುಕೊಂಡಿತು. ಕನಕರಾಜ್. ಅವಳು ಸ್ಪೀಕರ್ ಒತ್ತಿದಳು. ಹಿಂದೆ ಜೀಪಿನ ಸದ್ದು, ಅವನ ದನಿಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿ ಮುಗಿಸಿದವನ ಖುಷಿ.

“ಮೇಡಂ, ಪಂಪೇಶನ್ನ ಬಿಟ್ವಿ. ನಮ್ಮ ಜೀಪಿನಾಗ ಅದಾನ, ಹೊಸಪೇಟಿ ಮುಟ್ಟೀವಿ. ಮನಿಗೆ ಬಿಡ್ತೀನಿ ಅಂದ್ರ ಬ್ಯಾಡ ಅಂತಾನ. ಮೊದ್ಲ ನಿಮ್ಮ ಅಂಗಡಿಗೆ ಬರ್ತಾನಂತ. ಪಾಲಪ್ಪ ಅಲ್ಲೇನೋ ಬಿಟ್ಟು ಹೋಗ್ಯಾನಂತಲ್ಲ, ಅದನ್ನ ತಗೊಳ್ಳಾದೈತಂತ.”

ಪಾಲಪ್ಪ ಇಲ್ಲಿ ಬಿಟ್ಟು ಹೋದದ್ದು ಒಂದೇ, ಆ ಫೋನಿನ ಮಾತು ಕೇಳಿದ ಸಾಕ್ಷಿ. ಅನುಸೂಯಾ ರಮಾಳ ಕಡೆ ತಿರುಗಿದಳು. ರಮಾ ಆಗಲೇ ಎದ್ದಿದ್ದಳು. ಬಾಗಿಲಿಗೆ ಹೋಗಿ, ಎರಡೂ ಕೈಯಿಂದ ಜಗ್ಗಿ, ಶಟರನ್ನು ಒಳಗಿನಿಂದ ಎಳೆದು ಬೀಗ ಹಾಕಿದಳು.